ಸೇತುಮಾವನ ಅರ್ಧ ಗಂಟೆ

ಮದುವೆ ಹೆಣ್ಣಿಗೆ ಆರಿಸಲು ಬಿಡುವುದು ಸಾಮಾನ್ಯವಾಗಿ ಎರಡೇ ವಿಷಯ. ಒಂದು ಸೀರೆಯ ಬಣ್ಣ, ಇನ್ನೊಂದು ಬಳೆಯ ಬಣ್ಣ. ಮಿಕ್ಕಿದ್ದನ್ನೆಲ್ಲ ದೊಡ್ಡವರು ಮಾತಾಡಿ ಮುಗಿಸಿ, ಕೊನೆಯಲ್ಲಿ 'ನಿನಗೆ ಒಪ್ಪಿಗೆ ತಾನೆ' ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಫಿ ಕುಡಿಯುತ್ತಾರೆ. ಶರ್ವಾಣಿಯ ಮನೆಯಲ್ಲಿ ಹಾಗಾಗಲಿಲ್ಲ. ಜಯನಗರ ನಾಲ್ಕನೇ ಟಿ ಬ್ಲಾಕಿನ ಆ ಮನೆಗೆ ಅವಳೊಬ್ಬಳೇ ಮಗಳು. ನಿಶ್ಚಿತಾರ್ಥದ ದಿನ ಎರಡು ಹೋಳಿಗೆ ಹೆಚ್ಚಾಗಿ ತಿಂದ ಸಂತೋಷದಲ್ಲಿ ಅವಳಪ್ಪ, 'ಎಲ್ಲಾ ನಿನ್ನಿಷ್ಟದ ಹಾಗೇ ಆಗ್ಲಿ ಪುಟ್ಟಿ' ಎಂದು ಬೀಗರ ಎದುರಿಗೇ ಹೇಳಿಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೊಂಬತ್ತೆಂಟರ ಜನವರಿ ತಿಂಗಳಿಡೀ ಅವರು ಆ ಮಾತಿಗಾಗಿ ಕೈ ಕೈ ಹಿಸುಕಿಕೊಂಡರು.

ಏಕೆಂದರೆ ಮಗಳು ಆರಿಸಿದ್ದೆಲ್ಲ ತಲೆಕೆಳಗು. ಜೆ.ಪಿ. ನಗರದ ಹೊಸ ಕಲ್ಯಾಣ ಮಂಟಪವನ್ನು ಅಪ್ಪ ಯಾರ್‍ಯಾರದೋ ಕೈಕಾಲು ಹಿಡಿದು ಗೊತ್ತುಮಾಡಿ ಇಟ್ಟಿದ್ದರು. ಅದು ಬೇಡವಂತೆ. ಬನಶಂಕರಿಯ ಒಂದು ಸಂದಿಯಲ್ಲಿ, ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲದ, ಗೋಡೆಯ ಸುಣ್ಣ ಹಪ್ಪಳದ ಹಾಗೆ ಏಳುತ್ತಿರುವ ಪಟೇಲರ ಛತ್ರವೇ ಆಗಬೇಕಂತೆ. ಪುರೋಹಿತರು ಪಂಚಾಂಗ ನೋಡಿ ಎರಡು ಲಗ್ನ ಕೊಟ್ಟರು. ಹತ್ತು ಐವತ್ತರದು ಒಂದು, ಬೆಳಗ್ಗೆ ಏಳು ನಲವತ್ತರದು ಇನ್ನೊಂದು. ಬುದ್ಧಿ ನೆಟ್ಟಗಿರುವ ಯಾರಾದರೂ ಹತ್ತು ಐವತ್ತು ಎನ್ನುತ್ತಾರೆ. ಇವಳು ಏಳು ನಲವತ್ತು ಎಂದಳು. ಅಷ್ಟು ಹೊತ್ತಿಗೆ ಯಾವ ನೆಂಟರು ಸ್ನಾನ ಮಾಡಿ ಬರುತ್ತಾರೆ, ತಾಳಿ ಕಟ್ಟಿದ ಮೇಲೆ ಊಟದ ತನಕ ಮೂರು ಗಂಟೆ ಹೊತ್ತು ಅವರೇನು ಮಾಡುತ್ತಾರೆ ಎಂದು ಅಪ್ಪ ಕೇಳಿದರು. ಮದುವೆಗೆ ಬಂದ ನೆಂಟರಿಗೆ ಹರಟೆ ಹೊಡೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ ಎಂದಳು ಮಗಳು. ಅಪ್ಪ ಪೇಪರ್ ತೆಗೆದುಕೊಂಡು ವರಾಂಡಕ್ಕೆ ಹೋಗಿ ಕೂತರು.

ಅವಳ ಹಟಕ್ಕೆ ಇದ್ದದ್ದು ಒಂದೇ ಕಾರಣ. ಆ ಕಾರಣದ ಹೆಸರು ಸೇತುರಾಮ.

ಸೇತುರಾಮ ಅವಳ ಅಮ್ಮ ಸತ್ಯಭಾಮಾಳ ತಮ್ಮ. ಶರ್ವಾಣಿಗೆ ಸೋದರಮಾವ, ಅವಳ ಬಾಯಲ್ಲಿ ಸೇತುಮಾವ. ಮದುವೆ ಮನೆಗಳಲ್ಲಿ ಅಡಿಗೆ ಮಾಡುವುದು ಅವನ ವೃತ್ತಿ. ಬಸವನಗುಡಿ, ಜಯನಗರ, ಬನಶಂಕರಿಯ ಛತ್ರಗಳಲ್ಲಿ ಅವನು ಹುಳಿಗೆ ಒಗ್ಗರಣೆ ಕೊಟ್ಟರೆ ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಲ್ಲುತ್ತಿದ್ದರು. ಸಾವಿರ ಮದುವೆಗೆ ಅಡಿಗೆ ಮಾಡಿದವನಿಗೆ ತನ್ನದೊಂದು ಮದುವೆ ಕೂಡಿ ಬರಲಿಲ್ಲ. ಸುಬ್ರಹ್ಮಣ್ಯಪುರದ ಒಂದು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಅಕ್ಕನ ಮಗಳೇ ಅವನ ಪಾಲಿಗೆ ಮಗಳು.

ಶರ್ವಾಣಿ ಚಿಕ್ಕವಳಿದ್ದಾಗ ರಜೆಯಲ್ಲಿ ಅವನ ಜೊತೆ ಛತ್ರಗಳಿಗೆ ಹೋಗುತ್ತಿದ್ದಳು. ಬೆಳಗ್ಗೆ ತಿಂಡಿಯ ಕೊಪ್ಪರಿಗೆ ಇಳಿಸಿದ ಮೇಲೆ, ಊಟದ ಬೇಳೆ ಒಲೆಗೆ ಏರುವ ಮುಂಚೆ, ಅವನು ಹಿತ್ತಲಲ್ಲಿ ಒಂದು ಪಾತ್ರೆ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಏಳೂವರೆಯಿಂದ ಎಂಟು. 'ಇಡೀ ದಿನದಲ್ಲಿ ಈ ಅರ್ಧ ಗಂಟೆ ಒಂದೇ ನಂದು ಪುಟ್ಟಿ' ಎಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿ ಕೇಸರಿಬಾತನ್ನು ಬಾದಾಮಿ ಎಲೆಯ ಮೇಲೆ ಆರಿಸಿ ತಿನ್ನಿಸುತ್ತಿದ್ದ. ತಿನ್ನಿಸುತ್ತ ಪ್ರತಿ ಸಲವೂ ಒಂದೇ ಮಾತು. ನಿನ್ನ ಮದುವೆಯ ಅಡಿಗೆ ನನ್ನದು, ಒಬ್ಬನೇ ಒಬ್ಬ ಎಲೆಯಲ್ಲಿ ಒಂದು ಅಗುಳು ಬಿಟ್ಟು ಏಳಬಾರದು, ಹಾಗೆ ಮಾಡುತ್ತೇನೆ. ಇಪ್ಪತ್ತು ವರ್ಷ ಈ ಮಾತು ಹೇಳಿಕೊಂಡು ಬಂದಿದ್ದ.

ನಿಶ್ಚಿತಾರ್ಥ ಮುಗಿದ ಮರುವಾರ ಅವನು ಒಂದು ಉದ್ದ ಹಾಳೆಯಲ್ಲಿ ಅಡಿಗೆಯ ಪಟ್ಟಿ ಬರೆದುಕೊಂಡು ಬಂದ. ಚಿರೋಟಿಗೆ ಯಾವ ರವೆ, ಹುಳಿಗೆ ಯಾವ ಊರಿನ ಬದನೆಕಾಯಿ ಎಂಬುದೂ ಅದರಲ್ಲಿತ್ತು. ಸತ್ಯಭಾಮಾ ಕಾಫಿ ತಂದಿಟ್ಟು, ಅಡಿಗೆಗೆ ಬೇರೆ ಕ್ಯಾಟರಿಂಗ್‌ನವರಿಗೆ ಹೇಳಿದ್ದಾಗಿದೆ, ನೀನು ನೆಂಟನಾಗಿ ಬಂದರೆ ಸಾಕು ಎಂದುಬಿಟ್ಟಳು. ಹಿಂದಿಲ್ಲ ಮುಂದಿಲ್ಲ. ಸೇತುಮಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. ಮದುವೆಯ ತಾರೀಖು ಯಾವುದೆಂದು ಕೇಳಿದ. ಫೆಬ್ರವರಿ ಮೂರನೇ ವಾರದ ಬುಧವಾರ ಎಂದು ಅಕ್ಕ ಹೇಳಿದಾಗ ಒಂದು ಕ್ಷಣ ಗೋಡೆಯ ಕ್ಯಾಲೆಂಡರ್ ನೋಡಿದ.

'ಆವತ್ತು ಬನಶಂಕರಿ ಮಂಗಳಗೌರಿ ಛತ್ರದಲ್ಲಿ ನಂಗೆ ಮದುವೆ ಇದೆ ಅಕ್ಕ. ಎಲೆ ಅಡಿಕೆ ತಗೊಂಡಾಗಿದೆ' ಎಂದ. ಎಲೆ ಅಡಿಕೆ ತೆಗೆದುಕೊಂಡ ಮೇಲೆ ಅಡಿಗೆಯವನು ಮಾತು ತಪ್ಪುವ ಹಾಗಿಲ್ಲ, ಸ್ವಂತ ಅಕ್ಕನ ಮಗಳ ಮದುವೆಯಾದರೂ ಸರಿ. ಲೋಟದಲ್ಲಿ ಅರ್ಧ ಕಾಫಿ ಬಿಟ್ಟು ಎದ್ದು ಹೋದ. ಅವನು ಕಾಫಿ ಬಿಟ್ಟದ್ದನ್ನು ಶರ್ವಾಣಿ ಹುಟ್ಟಿದಂದಿನಿಂದ ನೋಡಿರಲಿಲ್ಲ.

ಅವಳಿಗೆ ಅಮ್ಮನ ಮೇಲೆ ಕೆಂಡದಂಥ ಕೋಪ ಬಂತು. ಬಸವನಗುಡಿಯ ಬೀಗರು ದೊಡ್ಡ ಜನ, ಮದುವೆ ಗಂಡು ವಿಶ್ರುತನ ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಅವರ ಮುಂದೆ ತಮ್ಮ ಅಡಿಗೆಯವನು ಎನ್ನಲು ನಿನಗೆ ನಾಚಿಕೆಯೇ ಎಂದು ನೇರವಾಗಿ ಕೇಳಿದಳು. ಸತ್ಯಭಾಮಾ ತಮ್ಮ ಬಿಟ್ಟುಹೋದ ಕಾಫಿಯನ್ನು ನೋಡುತ್ತ ನಿಂತಿದ್ದಳು.

'ಅವನು ಯಾವ ಮದುವೇಲಾದ್ರೂ ಬಿಸಿ ಅನ್ನ ತಿಂದಿದ್ದು ನೋಡಿದ್ದೀಯಾ ನೀನು? ಸಾವಿರ ಜನಕ್ಕೆ ಬಡಿಸಿ, ನಾಲ್ಕು ಗಂಟೆಗೆ ತಣ್ಣಗಿರೋ ಅನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ನಿಂತ್ಕೊಂಡೇ ತಿಂತಾನೆ. ನಮ್ಮನೆ ಮದುವೇಲಾದ್ರೂ ಮೊದಲನೇ ಪಂಕ್ತೀಲಿ ಕೂತು ತಿನ್ಲಿ ಅಂತ ಇತ್ತು ನಂಗೆ.'

'ಅಷ್ಟೇನಾ?'

ಸತ್ಯಭಾಮಾ ಲೋಟ ಎತ್ತಿಕೊಂಡಳು. 'ಬೀಗರ ಮುಂದೆ ಬನೀನಲ್ಲಿ ಓಡಾಡ್ತಾನೆ ಅಂತ ಒಂಚೂರು ಅನ್ನಿಸ್ತು. ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ.'

ಹಾಗಿದ್ದರೆ ಬಿಸಿ ಅನ್ನದ ಮಾತನ್ನು ಅವನಿಗೇ ಹೇಳು ಎಂದಳು ಶರ್ವಾಣಿ. ಆ ಒಂಚೂರು ಅವನ ಕಣ್ಣಿಗೆ ಆಗಲೇ ಬಿದ್ದಾಗಿದೆ, ಇನ್ನು ಮಿಕ್ಕಿದ್ದನ್ನು ಹೇಳಿದರೆ ನಂಬುತ್ತಾನೆಯೇ ಎಂದು ಅಮ್ಮ ಒಳಗೆ ಹೋಗಿಬಿಟ್ಟಳು. ಅಕ್ಕ ತಮ್ಮ ಇಬ್ಬರಿಗೂ ಬಿಗುಮಾನ ಒಂದೇ ಬಟ್ಟಲಿನಲ್ಲಿ ಅಳೆದು ಕೊಟ್ಟ ಹಾಗಿತ್ತು.

ಹೆಣ್ಣನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಹಿಂದೆಲ್ಲ ಎತ್ತಿಕೊಂಡೇ ಬರುತ್ತಿದ್ದರಂತೆ. ಸ್ವಂತ ಮಾವನಿಲ್ಲದಿದ್ದರೆ ದಾಯಾದಿ ಮಾವ ಯಾರಾದರೂ ನಡೆಯುತ್ತದೆ, ಮಲ್ಲೇಶ್ವರದಲ್ಲಿ ಸತ್ಯಭಾಮಾಳ ದೊಡ್ಡಮ್ಮನ ಮಗ ಒಬ್ಬ ಇದ್ದಾನೆ, ಅವನಿಗೆ ಹೇಳಿದರಾಯಿತು ಎಂದು ಅಪ್ಪ ಪರಿಹಾರ ಸೂಚಿಸಿದರು. ಶರ್ವಾಣಿಗೆ ಆ ಮಲ್ಲೇಶ್ವರದ ಮಾವನ ಮುಖವೇ ನೆನಪಿರಲಿಲ್ಲ. ಯಾರೋ ಬಂದು ಕೈಹಿಡಿದರೆ ಮಂಟಪದ ತನಕ ಹೋಗಬಹುದು. ಆದರೆ ಆಮೇಲೆ ಆಯುಷ್ಯವಿಡೀ ಆ ಫೋಟೋ ನೋಡಬೇಕಲ್ಲ ಎಂದು ಅವಳಿಗೆ ಅಳು ಬಂತು.

ಅತ್ತು ಮುಗಿದ ಮೇಲೆ ಅವಳು ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಮಾವನ ಮದುವೆ ಮಂಗಳಗೌರಿ ಛತ್ರದಲ್ಲಿ. ಅದರ ಗೋಡೆಗೆ ಅಂಟಿಕೊಂಡೇ ಪಟೇಲರ ಛತ್ರ. ಅದು ಯಾರಿಗೂ ಬೇಡದ್ದರಿಂದ ಖಾಲಿ ಇದ್ದೇ ಇರುತ್ತದೆ. ತಿಂಡಿಗೂ ಊಟಕ್ಕೂ ನಡುವೆ ಅವನಿಗೆ ಅರ್ಧ ಗಂಟೆ ಇದೆ. ತನ್ನ ಮುಹೂರ್ತ ಆ ಅರ್ಧ ಗಂಟೆಯೊಳಗೆ ಬಿದ್ದರೆ, ಅವನು ಗೋಡೆ ಬಳಸಿಕೊಂಡು ಬಂದು, ತನ್ನನ್ನು ಮಂಟಪಕ್ಕೆ ಬಿಟ್ಟು, ಮತ್ತೆ ಬೇಳೆಗೆ ಹೊತ್ತಾಗದ ಹಾಗೆ ಹೋಗಬಹುದು. ಮದುವೆಯ ವಿವರಗಳನ್ನೆಲ್ಲ ಅವಳು ಆರಿಸಿದ್ದು ಹೀಗೆ.

ವಿಶ್ರುತನಿಗೆ ಮಾತ್ರ ಫೋನಿನಲ್ಲಿ ನಿಜ ಹೇಳಿದಳು. ಏಳು ನಲವತ್ತು ಎಂದರೆ ತಾನು ಐದಕ್ಕೇ ಏಳಬೇಕಲ್ಲ ಎಂದು ಅವನು ಮೊದಲು ಗೋಳಾಡಿದ. ಪೂರ್ತಿ ಕೇಳಿದ ಮೇಲೆ, ತಮ್ಮ ಮನೆಯವರನ್ನು ತಾನು ಒಪ್ಪಿಸುತ್ತೇನೆ, ಆ ಕೇಸರಿಬಾತು ತನಗೂ ಒಂದು ದಿನ ಸಿಗಬೇಕು, ಅಷ್ಟೇ ಎಂದ. ಹುಡುಗ ಪರವಾಗಿಲ್ಲ ಎಂದು ಶರ್ವಾಣಿಗೆ ಅನ್ನಿಸಿದ್ದು ಆವತ್ತೇ.

ಪಟೇಲರ ಛತ್ರವನ್ನು ಗೊತ್ತುಮಾಡಲು ಅವಳೊಬ್ಬಳೇ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಹೋದಳು. ಛತ್ರ ನೋಡಿಕೊಳ್ಳುವವನ ಹೆಸರು ಉಗ್ರಪ್ಪ. ಹೆಸರು ಹಾಗೆ, ಮನುಷ್ಯ ಬೆಣ್ಣೆ. ತಮ್ಮ ಛತ್ರವನ್ನು ಮೆಚ್ಚಿ ಬಂದ ಹೆಣ್ಣನ್ನು ಅವನು ಕಂಡದ್ದು ಎಷ್ಟೋ ವರ್ಷಕ್ಕೆ. ಬಾವಿಕಟ್ಟೆ, ಊಟದ ಹಾಲ್, ಗೌರಿಪೂಜೆಯ ಕೋಣೆ ಎಲ್ಲ ತೋರಿಸಿದ. ಶರ್ವಾಣಿ ಪಕ್ಕದ ಗೋಡೆಯ ಕಡೆ ಕೈತೋರಿಸಿ, ಆವತ್ತು ಅಲ್ಲಿಯೂ ಮದುವೆ ಇದೆಯಲ್ಲ, ಅಲ್ಲಿಂದ ಇಲ್ಲಿಗೆ ಬರಲು ಹಿಂದಿನ ಬಾಗಿಲು ಏನಾದರೂ ಇದೆಯೇ ಎಂದು ವಿಚಾರಿಸಿದಳು.

'ಅಲ್ಲೆಲ್ಲಿ ಮದುವೆ ಮೇಡಂ? ಅಡಿಗೆಮನೆ ಕಲ್ಲೆಲ್ಲಾ ಕಿತ್ತಾಕಿದಾರೆ. ಯುಗಾದಿ ಕಳಿಯೋವರ್ಗೂ ಬೀಗ. ಅದರ ಬೀಗದ ಕೈನೂ ನನ್ನತ್ರಾನೇ ಇದೆ' ಎಂದ ಉಗ್ರಪ್ಪ. ನಂಬಿಕೆ ಬರಲಿ ಎಂದು ಸೊಂಟದಿಂದ ಗೊಂಚಲು ತೆಗೆದು ತೋರಿಸಿದ.

ಶರ್ವಾಣಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಮದುವೆಯೇ ಇಲ್ಲ. ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಅಕ್ಕನ ಬಾಯಲ್ಲಿ ಬೇಡ ಎನ್ನಿಸಿಕೊಂಡ ಗಳಿಗೆಯಲ್ಲಿ, ಮರ್ಯಾದೆಯಾಗಿ ಎದ್ದು ಹೋಗಲು ಸೇತುಮಾವನಿಗೆ ಒಂದು ನೆಪ ಬೇಕಾಗಿತ್ತು. ಕ್ಯಾಲೆಂಡರ್ ನೋಡುತ್ತ ಬಾಯಿಗೆ ಬಂದ ಛತ್ರದ ಹೆಸರು ಹೇಳಿದ್ದ. ಇಪ್ಪತ್ತು ವರ್ಷ ಕಾದ ದಿನವನ್ನು ಅವನು ಸುಬ್ರಹ್ಮಣ್ಯಪುರದ ಆ ಕೋಣೆಯಲ್ಲಿ ಒಬ್ಬನೇ ಕೂತು ಕಳೆಯಲು ಹೊರಟಿದ್ದ.

ಇನ್ನು ಈ ಹಾಳು ಛತ್ರವೂ ಬೇಡ, ಏಳು ನಲವತ್ತೂ ಬೇಡ. ಹತ್ತು ಐವತ್ತಕ್ಕೆ ಜೆ.ಪಿ. ನಗರದಲ್ಲೇ ಇಟ್ಟುಕೊಂಡು, ಮಾವನ ಹತ್ತಿರ ಹೋಗಿ, ನಿನ್ನ ಸುಳ್ಳು ಗೊತ್ತಾಯಿತು ಬಾ ಎನ್ನಬಹುದಿತ್ತು. ಆದರೆ ಅವಳಿಗೆ ಅವನು ಗೊತ್ತು. ಸುಳ್ಳು ಹಿಡಿದು ಎಳೆದು ತಂದರೆ ಅವನು ಬರುತ್ತಾನೆ, ತಲೆ ತಗ್ಗಿಸಿಕೊಂಡು ಬರುತ್ತಾನೆ. ಅವಳಿಗೆ ತಲೆ ಎತ್ತಿಕೊಂಡು ಬರುವ ಮಾವ ಬೇಕಾಗಿತ್ತು. ಅವನು ಹಾಕಿಕೊಂಡ ಬಾಗಿಲು ಅದು, ಅವನೇ ತೆಗೆದುಕೊಂಡು ಬರಲಿ ಎಂದುಕೊಂಡಳು. ಎದ್ದು, ಸೀರೆ ಕೊಡವಿಕೊಂಡು, ಛತ್ರವನ್ನು ಗೊತ್ತುಮಾಡಿಯೇ ಮನೆಗೆ ಬಂದಳು.

ಮೊದಲ ಲಗ್ನಪತ್ರಿಕೆಯನ್ನು ದೇವರ ಮುಂದಿಟ್ಟು, ಎರಡನೆಯದನ್ನು ಹಿಡಿದು ಅವಳು ಸುಬ್ರಹ್ಮಣ್ಯಪುರದ ಬಸ್ಸು ಹತ್ತಿದಳು. ಸೇತುಮಾವ ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದ. ಅಕ್ಷತೆ, ಪತ್ರಿಕೆ ಕೊಟ್ಟು ನಮಸ್ಕಾರ ಮಾಡಿದಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದೇ ಸಾಲು ಓದಿದ. ಪಟೇಲರ ಛತ್ರ ಎಂಬಲ್ಲಿಗೆ ಬಂದಾಗ ಅವನ ಮುಖದ ಬಣ್ಣ ಬದಲಾಯಿತು.

'ಛತ್ರ ಗೊತ್ತುಮಾಡಕ್ಕೆ ನೀನೇ ಹೋಗಿದ್ಯಾ?' ಎಂದು ಕೇಳಿದ.

ಅಪ್ಪ ಹೋಗಿದ್ದರು, ತಾನು ಇನ್ನೂ ನೋಡಿಯೇ ಇಲ್ಲ ಎಂದಳು ಶರ್ವಾಣಿ. ಸುಳ್ಳು ಹೇಳುವುದರಲ್ಲಿ ಅವಳೂ ಸೋದರಮಾವನಿಗೇ ಹೋಗಿದ್ದಳು. ಅವನ ಉಸಿರು ಸ್ವಲ್ಪ ಹಗುರಾಯಿತು. ಏಳು ನಲವತ್ತಕ್ಕೆ ಯಾವ ಪುಣ್ಯಾತ್ಮ ಇಟ್ಟುಕೊಟ್ಟ ಎಂದು ಗೊಣಗಿದ. ಆಗ ಅವಳು ಅವನ ಪಕ್ಕ ಕೂತು ಅವರೆಕಾಳು ಹಿಸುಕುತ್ತ ಎಲ್ಲ ವಿವರಿಸಿದಳು. ಪಕ್ಕದ ಗೋಡೆ, ತಿಂಡಿ ಇಳಿಸಿದ ಮೇಲಿನ ಹೊತ್ತು, ಎಂಟಕ್ಕೆ ಅವನು ವಾಪಸು ಹೋಗಬಹುದಾದದ್ದು. ನಿನ್ನ ಮದುವೆಯವರಿಗೆ ತೊಂದರೆ ಆಗುವುದಿಲ್ಲ ಎಂದೂ ಸೇರಿಸಿದಳು. ಅಮ್ಮ ನಿನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಬೇಕೆಂದು ಆಸೆ ಇಟ್ಟುಕೊಂಡಿದ್ದಳು, ಅದಕ್ಕೇ ಅಡಿಗೆ ಬೇಡ ಅಂದದ್ದು ಎಂದೂ ಹೇಳಿದಳು. ಅವನು ಹಿಸುಕಿದ ಅವರೆಕಾಳಿನ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದ.

'ನೋಡ್ತೀನಿ ಪುಟ್ಟಿ' ಎಂದ. ಅಷ್ಟೇ. ಬರುತ್ತೇನೆ ಎನ್ನಲಿಲ್ಲ.

ಮದುವೆಯ ದಿನ ಏಳು ಗಂಟೆಗೆ ಗೌರಿಪೂಜೆ ಮುಗಿಯಿತು. ಏಳೂ ಕಾಲಾಯಿತು, ಏಳೂವರೆಯಾಯಿತು. ನೆಂಟರು ಆಕಳಿಸುತ್ತಲೇ ಬಂದು ಕುರ್ಚಿ ತುಂಬಿಸಿದರು. ಮಲ್ಲೇಶ್ವರದ ಮಾವ ಜರಿ ಶಲ್ಯ ಹೊದ್ದು ಕೋಣೆಯ ಬಾಗಿಲಿಗೆ ಬಂದು ನಿಂತ. ಗಂಡನ್ನು ಮಂಟಪದಲ್ಲಿ ನಿಲ್ಲಿಸಿ ಅಂತರಪಟ ಹಿಡಿದದ್ದಾಯಿತು. ಅಪ್ಪ ಗಡಿಯಾರ ನೋಡಿದರು, ಶರ್ವಾಣಿ ನೋಡಲಿಲ್ಲ. ಅವಳು ಹಿಂದಿನ ಬಾಗಿಲನ್ನೇ ನೋಡುತ್ತಿದ್ದಳು. ಹೆಣ್ಣನ್ನು ಕರೆತನ್ನಿ, ಸೋದರಮಾವ ಎಲ್ಲಿ ಎಂದು ಪುರೋಹಿತರು ಕೂಗಿದರು. ಮಲ್ಲೇಶ್ವರದ ಮಾವ ಒಂದು ಹೆಜ್ಜೆ ಮುಂದಿಟ್ಟ.

ಆಗ ಬಾವಿಯ ಕಡೆಯಿಂದ ಸೇತುಮಾವ ದಾಪುಗಾಲು ಹಾಕುತ್ತ ಒಳಗೆ ಬಂದ. ಮೇಲಕ್ಕೆ ಕಟ್ಟಿದ ಪಂಚೆ, ಮೈಮೇಲೆ ಬನೀನು, ಹೆಗಲಿಗೆ ಕೆಂಪು ಚೌಕುಳಿಯ ಟವೆಲು, ಮೊಣಕೈವರೆಗೆ ಕಡಲೆಹಿಟ್ಟು. ಅಲ್ಲಿ ತಿಂಡಿ ಇಳಿಸಿ ಹಾಗೇ ಓಡಿ ಬಂದೆ, ಅರ್ಧ ಗಂಟೆ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬೀಗರ ಕಡೆಯ ಹೆಂಗಸರು ತಿರುಗಿ ನೋಡಿದರು. ಸತ್ಯಭಾಮಾ ಹೆದರಿದ್ದು ಯಾವುದಕ್ಕೋ ಅದೇ ಬನೀನು ಹಾಕಿಕೊಂಡು ನಡುಮನೆಗೆ ಬಂದು ನಿಂತಿತ್ತು. ಸತ್ಯಭಾಮಾ ತಮ್ಮನ ಹತ್ತಿರ ಬಂದಳು. ಹೊಸ ರೇಷ್ಮೆ ಸೀರೆಯ ಸೆರಗನ್ನು ಕೈಗೆ ತೆಗೆದುಕೊಂಡು ಅವನ ಮೊಣಕೈಯ ಹಿಟ್ಟನ್ನೆಲ್ಲ ಒರೆಸಿದಳು. ಒರೆಸಿ, ಬೀಗಿತ್ತಿಯ ಕಡೆ ತಿರುಗಿ, 'ಇವನು ನನ್ನ ತಮ್ಮ ಸೇತು. ಅಡಿಗೇಲಿ ಇವನನ್ನ ಮೀರಿಸೋರು ಈ ಬೆಂಗಳೂರಲ್ಲೇ ಇಲ್ಲ' ಎಂದಳು.

ಸೇತುಮಾವ ಶರ್ವಾಣಿಯ ಕೈಹಿಡಿದ. ಓಲಗದವರು ಜೋರು ಮಾಡಿದರು. ಹತ್ತಿರದಿಂದ ನೋಡಿದರೆ ಬನೀನು ಹೊಚ್ಚ ಹೊಸದು, ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಹೊಗೆಯ ವಾಸನೆಯಿಲ್ಲ, ಬೆವರಿಲ್ಲ. ಸುಬ್ರಹ್ಮಣ್ಯಪುರದ ಮನೆಯಲ್ಲಿ ಬೆಳಗ್ಗೆದ್ದು, ತಲೆಗೆ ಸ್ನಾನ ಮಾಡಿ, ಹೊಸ ಬನೀನು ಹಾಕಿಕೊಂಡು, ಅಷ್ಟೊಂದು ಕಡಲೆಹಿಟ್ಟನ್ನು ತನ್ನ ಕೈಗೆ ತಾನೇ ಬಳಿದುಕೊಂಡು, ಆ ವೇಷದಲ್ಲೇ ಆಟೋ ಹತ್ತಿ ಬಂದಿದ್ದಾನೆ. ಶರ್ವಾಣಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

'ಬೇಗ ಹೋಗೋಣ ಮಾವ. ಅಲ್ಲಿ ಬೇಳೆ ತಳ ಹಿಡಿಯತ್ತೆ' ಎಂದಳು ಮೆಲ್ಲಗೆ.

ಅವನು ನಾಲ್ಕು ಹೆಜ್ಜೆ ನಡೆದ. 'ಅಲ್ಲಿ ಒಲೇನೇ ಹಚ್ಚಿಲ್ಲ ಕಣೆ.'

'ಗೊತ್ತು.'

'ಯಾವಾಗಿಂದ?'

'ಛತ್ರ ಗೊತ್ತುಮಾಡಿದ ದಿನದಿಂದ.'

ಅವನು ನಿಂತೇಬಿಟ್ಟ. ಹಿಂದೆ ಕಲಶ ಹಿಡಿದು ಬರುತ್ತಿದ್ದವರೂ ನಿಂತರು. 'ಮತ್ತೆ ಏಳು ನಲವತ್ತಕ್ಕೆ ಯಾಕೇ ಇಟ್ಕೊಂಡೆ, ಹುಚ್ಚುಡುಗಿ?'

'ಆ ಅರ್ಧ ಗಂಟೆ ನಂದು ಅಂತಿದ್ದೆಯಲ್ಲ ಮಾವ. ನಂಗೆ ಕೊಡ್ತೀಯೋ ಇಲ್ವೋ ನೋಡೋಣ ಅಂತ.'

ಸೇತುಮಾವ ಹಿಡಿದ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು, ಕಣ್ಣಿನಲ್ಲಿ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ, ತಲೆ ಎತ್ತಿಕೊಂಡು ಅವಳನ್ನು ಮಂಟಪಕ್ಕೆ ಕರೆದುಕೊಂಡು ಹೋದ. ಅಂತರಪಟ ಸರಿಯಿತು. ಐದಕ್ಕೇ ಎದ್ದು ಕಣ್ಣು ಕೆಂಪಾಗಿದ್ದ ವಿಶ್ರುತ ಅವಳ ತಲೆಯ ಮೇಲೆ ಜೀರಿಗೆ ಬೆಲ್ಲ ಇಟ್ಟು, ಅವಳ ಪಕ್ಕದಲ್ಲಿ ನಿಂತ ಬನೀನಿನ ಮಾವನಿಗೆ ಅಲ್ಲಿಂದಲೇ ಕೈಮುಗಿದ.

ಹನ್ನೊಂದೂವರೆಗೆ ಮೊದಲ ಪಂಕ್ತಿ ಕೂತಿತು. ಮಲ್ಲೇಶ್ವರದ ಮಾವನ ಜರಿ ಶಲ್ಯ ಆ ಹೊತ್ತಿಗೆ ಸೇತುಮಾವನ ಹೆಗಲ ಮೇಲಿತ್ತು. ಅದು ಯಾರು ಯಾವಾಗ ಹೊದಿಸಿದ್ದೋ ಯಾರಿಗೂ ಗೊತ್ತಿಲ್ಲ. ಎಲೆಯ ಮುಂದೆ ಕೂತು ಅವನಿಗೆ ಅಭ್ಯಾಸವೇ ಇಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಸದ್ದಾದಾಗಲೆಲ್ಲ ಏಳಲು ಹೋಗುತ್ತಿದ್ದ. ಸತ್ಯಭಾಮಾ ಎರಡು ಸಲ ಅವನ ಹೆಗಲು ಒತ್ತಿ ಕೂರಿಸಿದಳು. ಬಡಿಸುವವರ ಕೈಯಿಂದ ಪಾತ್ರೆ ಇಸಿದುಕೊಂಡು ತಾನೇ ಅವನ ಎಲೆಗೆ ಅನ್ನ ಬಡಿಸಿ, ಸಾರು ಬಿಟ್ಟು, ತುಪ್ಪ ಹಾಕಿದಳು. ಅನ್ನದಿಂದ ಹಬೆ ಏಳುತ್ತಿತ್ತು.

'ಬಿಸಿ ಇದೆ ಕಣೋ, ನೋಡ್ಕೊಂಡು' ಎಂದಳು.

ಸೇತುಮಾವ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡ. ಊಟದ ಹಾಲ್‌ನ ಬಾಗಿಲಲ್ಲಿ ವಿಶ್ರುತನ ಜೊತೆ ನಿಂತಿದ್ದ ಶರ್ವಾಣಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನಿಧಾನವಾಗಿ ನುಂಗಿ, ಅಕ್ಕನ ಕಡೆ ಕತ್ತೆತ್ತಿ ನೋಡಿದ.

'ಸಾರಿಗೆ ಇಂಗು ಕಮ್ಮಿ ಅಕ್ಕ' ಎಂದ. ಇನ್ನೊಂದು ತುತ್ತು ಕಲಸಿದ. 'ಬಿಸಿಯಾಗಿದೆ.'